‘ಬಾರ’ ಅನ್ನಬಾರದ ಮನೆ

ದಾನಮ್ಮನ ಮೈಮೇಲೆ ಅರ್ಧ ಜಿಲ್ಲೆಯ ನಕ್ಷೆಯಿತ್ತು. ಎಡಗಿವಿಯ ತುದಿ ಇರಬೇಕಾದ ಜಾಗ ಚಿತ್ತಾಪುರ. ಅಲ್ಲಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು, ತಮ್ಮ ಸೈಕಲ್ಲನ್ನು ಮಕ್ಕಳು ಗುಜರಿಗೆ ಹಾಕಿದ ದಿನ, ಗಂಜಿ ಕುಡಿಸಲು ಬಗ್ಗಿದ ದಾನಮ್ಮನ ಕಿವಿಯನ್ನು ಉಪ್ಪಿನಕಾಯಿ ಹೋಳೆಂಬಂತೆ ಕಚ್ಚಿ ಗಂಜಿಯ ಜೊತೆಗೇ ನುಂಗಿಬಿಟ್ಟಿದ್ದರು. ಬಲಗೈಯ ಕಿರುಬೆರಳು ಸಿಗ್ನಲ್ ಕಂಬದ ಕೈಯ ಹಾಗೆ ಹೊರಕ್ಕೆ ಚಾಚಿಕೊಂಡದ್ದು ಸುಲೇಪೇಟ. ಅಲ್ಲಿ ಒಬ್ಬ ಅಜ್ಜಿಯ ಸೊಂಟದಿಂದ ಕೀಲಿಕೈ ಗೊಂಚಲು ಸೊಸೆಯ ಸೊಂಟಕ್ಕೆ ದಾಟಿತ್ತು. ಸೊಸೆ ಕೈಗೆ ಸಿಗದೆ ಓಡಿದ್ದರಿಂದ ಅಜ್ಜಿ ಸಿಕ್ಕ ಬೆರಳನ್ನೇ ಹಿಡಿದು ತಿರುವಿದಳು. ಮೇಲ್ಸಾಲಿನ ಹಲ್ಲುಗಳ ನಡುವೆ ಗಾಳಿಯಾಡುವ ಕಿಂಡಿ ಸೇಡಂ. ಆ ಮನೆಯ ಜಮಾದಾರ ಸಾಹೇಬರು ಜೀವಮಾನವಿಡೀ ಕಳ್ಳರ ಚಡ್ಡಿ ಬಿಚ್ಚಿಸಿ ಹೊಡೆದವರು. ತಮಗೇ ಡೈಪರ್ ಕಟ್ಟುವ ಬೆಳಗು ಬಂದಾಗ ಲಾಠಿಯ ಕೊರತೆಯನ್ನು ಮೊಣಕೈಯಿಂದ ತುಂಬಿಕೊಂಡರು.

ಇಷ್ಟಾದರೂ ದಾನಮ್ಮ ಮುದುಕರ ಆರೈಕೆಯ ಕೆಲಸ ಬಿಟ್ಟಿರಲಿಲ್ಲ. ಚಿಂಚೋಳಿ ಕಡೆ ಹುಟ್ಟಿ, ಶಹಾಬಾದಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದು, ಆಮೇಲೆ ವಾಡಿಗೆ ಬಂದು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದಳು. ಆಳು ಎಷ್ಟು ಗಟ್ಟಿಯೆಂದರೆ, ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವಳು ನಡೆದುಹೋದರೆ ತೂಕದ ಯಂತ್ರ ಯಾರೂ ಹತ್ತದಿದ್ದರೂ ಹೆದರಿ ಚೀಟಿ ಉಗುಳುತ್ತಿತ್ತು. ಆ ಕೈಯಿಂದ ಒಂದು ಬಿಟ್ಟರೆ ಯಾವ ಮುದುಕನಾದರೂ ಪಂಚಮಿಯ ಜೋಕಾಲಿ ಆಡುತ್ತ ರಾವೂರಿನವರೆಗೆ ಹೋಗಿ ಬರುತ್ತಿದ್ದ. ಆದರೆ ಅವಳು ರೋಗಿಗೆ ತಿರುಗಿ ಹೊಡೆದವಳಲ್ಲ, ಕಟ್ಟಿದವಳೂ ಅಲ್ಲ.

“ಕಟ್ಟೂದಾದ್ರ ಎಮ್ಮಿ ಸಾಕ್ತಿದ್ದೆ. ಹಾಲಾದ್ರೂ ಕೊಡ್ತಿತ್ತು” ಎನ್ನುತ್ತಿದ್ದಳು.

ಯಾಕೆ ಹೊಡೆಯುತ್ತಾರೆ ಎಂದು ಕೇಳಿದವರಿಗೂ ಅವಳಲ್ಲಿ ಒಂದೇ ಉತ್ತರ. “ಮುದುಕ್ರು ಸುಮ್‌ಸುಮ್ಮ ಹೊಡ್ಯಂಗಿಲ್ರಿ. ಏನರೆ ಕಸಗೊಂಡ ದಿನ ಹೊಡೀತಾರ.”

ತೊಗರಿ ಕಾಯಿ ಬಲಿಯುವ ಕಾಲಕ್ಕೆ ಅವಳ ಬಾಗಿಲಿಗೆ ಅಸದ ಬಂದ. ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಚೀಲ ತುಂಬುವ ಕೆಲಸದವನು. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೂದಿ ಬಣ್ಣಕ್ಕೆ ತಿರುಗಿ, ಮೂವತ್ತು ದಾಟದವನು ತನ್ನ ಅಪ್ಪನಿಗೇ ಅಣ್ಣನಂತೆ ಕಾಣುತ್ತಿದ್ದ.

“ಅಬ್ಬಾ ಹೊಡಿಲಿಕತ್ತಾರ್ರಿ ದಾನಮ್ಮ. ನನಗ, ನನ್ನ ಹೆಂಡ್ತಿಗಿ, ಬಂದೋರಿಗಿ ಹೋದೋರಿಗಿ. ಒಬ್ಬ ನರ್ಸ್ ಹುಡುಗನ್ನ ಇಟ್ಟಿದ್ದೆ. ಅಂವ ಚಪ್ಪಲಿ ಬಿಟ್ಟು ಸೊಲ್ಲಾಪುರ ಪ್ಯಾಸೆಂಜರ್ ಹತ್ತಿದ.”

“ಏನ್ ಕಸಗೊಂಡೀರಿ?”

“ಏನೂ ಇಲ್ರಿ. ಸಕ್ಕರಿ ಬ್ಯಾನಿಗಿ ಕಲಬುರಗ್ಯಾಗ ಕಾಲ್ ತಗದ್ರು, ಮೊಳಕಾಲ ಕೆಳಗ. ರಾವೂರ ಮನಿ ಖಾಲಿ ಮಾಡಿ ವಾಡಿಗಿ ತಂದು ಇಟಗೊಂಡೀನಿ. ಖಣಿ ಕೆಲಸಂತೂ ಮೊದಲೇ ಬಿಟ್ಟಿತ್ತು. ಅಮ್ಮಿ ಹೋದ ವರ್ಷ ತೀರಿಹೋದ್ಲು.”

“ಭಾಳ ಕಡಿಮಿ ಕಸಗೊಂಡೀರಿ. ಉಳದದ್ದೇನು?”

ಅಸದ ಯೋಚಿಸಿದ. “ಕೈ.”

“ಅದಕ್ಕ ಕೈಲೇ ಹೊಡೀತಾರ. ನಡಿ.”

ಮುದುಕನ ಹೆಸರು ಸಿರಾಜುದ್ದೀನ. ರಾವೂರಿನ ಕಲ್ಲುಗಣಿಗಳಲ್ಲಿ ಮದ್ದು ತುಂಬಿ ಬಂಡೆ ಸಿಡಿಸುವ ಮೇಸ್ತ್ರಿಯಾಗಿದ್ದವನು. ಅವನು ಒಂದು ಸಲ ಬತ್ತಿಗೆ ಬೆಂಕಿ ಹಚ್ಚಿದರೆ ಶಹಾಬಾದಿನಲ್ಲಿ ಚಹದ ಕಪ್ಪುಗಳು ಬಸಿಯ ಮೇಲೆ ಕುಣಿಯುತ್ತಿದ್ದವು, ಚಿಂಚೋಳಿಯಲ್ಲಿ ಕೋಳಿಗಳು ಹೊತ್ತಿಗೆ ಮೊದಲೇ ಮೊಟ್ಟೆಯಿಡುತ್ತಿದ್ದವು. ಈಗ ಹಳೇ ದವಾಖಾನೆಯ ಹರಾಜಿನಲ್ಲಿ ತಂದ ಕಬ್ಬಿಣದ ಮಂಚದ ಮೇಲೆ, ಒಂದೂವರೆ ಕಾಲು ಚಾಚಿಕೊಂಡು, ನೆಲದ ಫರ್ಶಿಕಲ್ಲುಗಳನ್ನು ದುರುಗುಟ್ಟಿ ನೋಡುತ್ತ ಮಲಗಿದ್ದ. ಕಾಲು ಹೋಗಿತ್ತು, ಸದ್ದು ಕೇಳಿ ಕೇಳಿ ಕಿವಿ ಮುಕ್ಕಾಲು ಹೋಗಿತ್ತು, ನೆನಪು ಬಂದು ಹೋಗಿ ಮಾಡುತ್ತಿತ್ತು. ತೋಳುಗಳು ಮಾತ್ರ ಹಾರೆ ಹಿಡಿದ ಕಾಲದ ಹಾಗೇ ಇದ್ದವು.

ಮಂಚದ ಕಾಲಿಗೆ ಒಂದು ಸರಪಳಿ ಬೀಗ ಹಾಕಿಕೊಂಡು ಬಿದ್ದಿತ್ತು. ಹೋರಿ ಕಟ್ಟುವಂಥದು. ಅದರ ಇನ್ನೊಂದು ತುದಿಯಲ್ಲಿ ಎರಡನೆಯ ಬೀಗ ಬಾಯಿ ತೆರೆದುಕೊಂಡು ಕಾಯುತ್ತಿತ್ತು.

“ಇದು ಯಾರಿಗಿ?” ಎಂದಳು ದಾನಮ್ಮ.

ಅಸದನ ಹೆಂಡತಿ ಮುಸರತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ದವಡೆ ಒಂದು ಕಡೆ ಊದಿ, ಮಾತು ಇನ್ನೊಂದು ಕಡೆಯಿಂದ ಹೊರಡುತ್ತಿತ್ತು. ಅಸದ ಅವಳತ್ತ ಬೊಟ್ಟು ಮಾಡಿದ.

“ಅಕಿ ಮಾರಿ ನೋಡ್ರಿ. ಇನ್ನೊಮ್ಮಿ ಅಕಿ ಮೈಯಾಗಿಂದು ರಕ್ತ ಬಂದ್ರ ಅವತ್ತೇ ಕಟ್ತೀನಿ. ಹಗಲೂ ರಾತ್ರಿ. ನನಗೂ ಖುಷಿ ಇಲ್ಲ. ಆದ್ರ ಕಟ್ತೀನಿ.”

“ನಾ ಇರೂ ಮನ್ಯಾಗ ಕಟ್ಟಂಗಿಲ್ಲ.”

“ಹಂಗಾದ್ರ ರಕ್ತ ಬರದಂಗ ನೋಡ್ಕೋರಿ.”

ಒಪ್ಪಂದ ಇಷ್ಟೇ. ದಾನಮ್ಮ ಸೆರಗು ಸಿಕ್ಕಿಸಿ, ನೀರಿನ ತಂಬಿಗೆ ತುಂಬಿ, ಪ್ರತಿ ರೋಗಿಗೂ ಮೊದಲ ದಿನ ಹೇಳುವ ಮಾತನ್ನೇ ಹೇಳಿದಳು. “ಬಾರಪ್ಪಾ ನನ ರಾಜಾ, ಮಾರಿ ತೊಳಕೋ.”

ಮುದುಕನ ಕಣ್ಣು ಹೊತ್ತಿಕೊಂಡವು. ಮುಂದಿನದು ನಡೆಯಲು ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಹಿತ್ತಾಳೆಯ ತಂಬಿಗೆ ದಾನಮ್ಮನ ಕೈಯಿಂದ ಹಾರಿ ಅವಳ ಹಣೆಗೇ ಬಂದು ಕೂತಿತು. ಮುಷ್ಟಿ ಪಕ್ಕೆಲುಬಿಗೆ ಇಳಿಯಿತು. ಜಡೆ ಅವನ ಕೈಗೆ ಸಿಕ್ಕಿ, ಬಾವಿಯ ಹಗ್ಗ ಎಳೆಯುವ ಹಾಗೆ ಎಳೆದ. ವಾಡಿಯ ತೂಕದ ಯಂತ್ರ ಹೆದರುವ ಹೆಂಗಸು ಬಾಗಿಲತನಕ ಜಾರಿ ಹೋಗಿ ಚೌಕಟ್ಟಿಗೆ ತಲೆ ಕೊಟ್ಟಳು.

“ಭಾಗಾ, ಭಾಗಾ” ಎಂದು ಮುದುಕ ಕೂಗುತ್ತಿದ್ದ. ಓಡು, ಓಡು.

“ಹೋಗು ಅನ್ನಾಕತ್ಯಾರ” ಎಂದು ಮುಸರತ ವಿವರಿಸಿದಳು. “ನಿಮ್ಮ ಮುಖ ಹಿಡಿಸಿಲ್ಲ ಕಾಣ್ತದ.”

“ನನ್ನ ಗಂಡಗೂ ಹಿಡಿಸಿರಲಿಲ್ಲ” ಎಂದು ದಾನಮ್ಮ ಹಣೆ ಒತ್ತಿಕೊಂಡು ಎದ್ದಳು. “ಅಂವ ಇಷ್ಟ ಜೋರಾಗಿ ಹೇಳಿರಲಿಲ್ಲ.”

ಆ ವಾರ ವಾಡಿಯ ಅರಿಶಿನದ ಅಂಗಡಿಯವನು ಮಹಡಿ ಕಟ್ಟಿಸುವ ಯೋಚನೆ ಮಾಡಿದನಂತೆ, ದಾನಮ್ಮನ ಗಾಯಗಳಿಗೆ ಅಷ್ಟು ಅರಿಶಿನ ಹೋಗುತ್ತಿತ್ತು. ಸ್ನಾನ ಮಾಡಿಸುವಾಗ ಮುದುಕ ಕುರಿಮರಿ. ಕತ್ತರಿಸಿದ ಕಾಲಿನ ಗಾಯಕ್ಕೆ ಬಟ್ಟೆ ಸುತ್ತುವಾಗ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದ. ಊರುಗೋಲು ಕಂಕುಳಿಗೆ ಕೊಟ್ಟು ನಿಲ್ಲಿಸಿದರೆ ನಗುತ್ತಲೂ ಇದ್ದ. ಇದ್ದಕ್ಕಿದ್ದಂತೆ, ಯಾವ ಮುನ್ಸೂಚನೆಯೂ ಇಲ್ಲದೆ, ಅದೇ ಊರುಗೋಲು ತಿರುಗಿ ಮೊಣಕೈಗೆ ಬಂದು ಬಡಿಯುತ್ತಿತ್ತು. ಒಂದು ಸಲ ದಾನಮ್ಮನ ಬೆನ್ನಿಗೆ ಒದ್ದ, ಅದೂ ಇಲ್ಲದ ಕಾಲಿನಿಂದ. ಬಟ್ಟೆ ಸುತ್ತಿದ ಮೋಟು ತಾಗಿ ಇಬ್ಬರೂ ನೋವಿನಿಂದ ಒಂದೇ ರಾಗದಲ್ಲಿ ಕೂಗಿದರು. ಮುಸರತಳ ಮೇಲೆ ಕೈ ಹೋದಾಗಲೆಲ್ಲ ದಾನಮ್ಮ ನಡುವೆ ಬಂದು ತನ್ನ ಮೈ ಕೊಟ್ಟಳು. ಅವಳ ಮೈಯಲ್ಲಿ ಜಾಗಕ್ಕೇನೂ ಬರವಿರಲಿಲ್ಲ.

ಗುಟ್ಟು ಒಡೆದದ್ದು ಒಂದು ಮಧ್ಯಾಹ್ನ. ದಾನಮ್ಮ ಮಂಚದ ಪಕ್ಕ ಕೂತು ಮುದುಕನ ಉಗುರು ತೆಗೆಯುತ್ತಿದ್ದಳು. ಒಳಗಿನಿಂದ ಮುಸರತ ಕೂಗಿ ಹೇಳಿದಳು, “ಬಾರಾ ಬಜ್ ಗಯೇ, ಖಾನಾ ತಯ್ಯಾರ್ ಹೈ.” ಹನ್ನೆರಡು ಹೊಡೆಯಿತು, ಊಟ ತಯಾರು ಎಂದಷ್ಟೇ.

ಮುಷ್ಟಿ ದಾನಮ್ಮನ ಕಿವಿಯ ಮೇಲೆ ಬಿತ್ತು. ಚಿತ್ತಾಪುರದ ಪಾಲು ಹೋಗಿ ಉಳಿದಿದ್ದ ಕಿವಿ ಅದು. ಜಗತ್ತು ಗುಂಯ್ ಎಂದಿತು. ಮುದುಕ ಮಂಚದಿಂದ ಧುಮುಕಿ, ಅವಳ ಜಡೆ ಹಿಡಿದು, ಮಂಚದ ಕೆಳಗೆ ಎಳೆದ. ಮೂಗು ಫರ್ಶಿಗೆ ಅಪ್ಪಳಿಸಿ ರಕ್ತ ಬಾಯಿಗಿಳಿಯಿತು. ಈ ಸಲ ಕೊಲ್ಲುತ್ತಾನೆ ಎಂದುಕೊಂಡಳು. ಆದರೆ ಮುದುಕ ಅವಳ ಮೇಲೆ ಬೋರಲು ಬಿದ್ದು, ಎರಡೂ ತೋಳುಗಳಿಂದ ಅವಳ ತಲೆಯನ್ನು ಮುಚ್ಚಿಕೊಂಡ. ಅವನ ಎದೆ ಅವಳ ಬೆನ್ನಿನ ಮೇಲೆ ಡವಡವ ಬಡಿಯುತ್ತಿತ್ತು.

“ತಲಿ ಎತ್ತಬ್ಯಾಡವಾ” ಎಂದು ಕಿವಿಯಲ್ಲಿ ಹೇಳಿದ. “ಬಾರ್ ಹಚ್ಚೀನಿ. ಹಾರಲಿಕತ್ತದ.”

ಅಷ್ಟರಲ್ಲಿ ಜಂಕ್ಷನ್ನಿನ ಯಾರ್ಡಿನಲ್ಲಿ ಗೂಡ್ಸ್ ಡಬ್ಬಿಗಳು ಒಂದಕ್ಕೊಂದು ಕೂಡಿಕೊಂಡವು. ಧಡಾಂ ಎಂದು ಮನೆಯ ತಗಡು ನಡುಗಿತು. ಮುದುಕನ ಮೈ ಸಡಿಲಾಯಿತು. ಪಕ್ಕಕ್ಕೆ ಉರುಳಿ, ತನ್ನ ಲುಂಗಿಯ ಚುಂಗಿನಿಂದ ದಾನಮ್ಮನ ಮುಖದ ಮೇಲಿನ ಇಲ್ಲದ ದೂಳನ್ನು ಒರೆಸಿದ. ರಕ್ತವನ್ನು ಗಮನಿಸಲೇ ಇಲ್ಲ.

“ಹಾರ್ತು. ಏಳ್ರಿ, ಕಲ್ಲು ಹೇರ್ರಿ. ಬುತ್ತಿ ತರ್ಲಿಕ್ಕ ಹಿಂದಕ ಓಡಿ ಹೋಗ್ತೀರಲ್ಲ, ಜೀವಾ ಹೆಚ್ಚಿಗಿ ಆಗ್ಯಾದೇನು ನಿಮಗ?”

ದಾನಮ್ಮ ಮಂಚದ ಕೆಳಗೇ ಮಲಗಿಕೊಂಡಳು. ಈ ಸೀಮೆಯಲ್ಲಿ ಗಣಿಯ ಪದ್ಧತಿ ತಿಳಿಯದವರು ಯಾರು? ಕುಳಿಯಲ್ಲಿ ತುಂಬಿದ ಮದ್ದಿಗೆ ಬಾರ್ ಎಂದು ಹೆಸರು. ಬತ್ತಿ ಹಚ್ಚುವ ಮುನ್ನ ಮೇಸ್ತ್ರಿ ಬಾರ್, ಬಾರ್ ಎಂದು ಕೂಗುತ್ತ ಗಣಿಯ ಸುತ್ತ ಓಡುತ್ತಾನೆ. ಕೂಗಿಗೆ ಏಳದವರನ್ನು ಒದ್ದು ಎಬ್ಬಿಸುತ್ತಾನೆ. ಬುತ್ತಿ ಗಂಟು ಮರೆತೆನೆಂದು ಹಿಂದೆ ತಿರುಗುವ ಹೆಂಗಸರನ್ನು ಜಡೆ ಹಿಡಿದು ಎಳೆದೊಯ್ಯುತ್ತಾನೆ. ಆ ಹೊತ್ತು ಮೇಸ್ತ್ರಿಯ ಕೈಯಲ್ಲಿ ಪೆಟ್ಟು ತಿಂದವರು ಸಂಜೆ ಅವನಿಗೆ ಚಹ ಕುಡಿಸುತ್ತಿದ್ದರು.

ಮುಸರತ ಬಾರಾ ಎಂದಿದ್ದಳು. ದಾನಮ್ಮ ಮೊದಲ ದಿನವೇ ಬಾರಪ್ಪಾ ಎಂದಿದ್ದಳು. ಒಬ್ಬಳ ದಖ್ಖನಿಯಲ್ಲಿ ಅದು ಹನ್ನೆರಡು, ಇನ್ನೊಬ್ಬಳ ಕನ್ನಡದಲ್ಲಿ ಅಕ್ಕರೆಯ ಕರೆ. ಮಾತಿನ ತಲೆ ಬಾಲ ಕೇಳಿಸದ ಆ ಕಿವಿಯಲ್ಲಿ ಎರಡೂ ಮದ್ದೇ. ಮುದುಕ ಹೊಡೆಯುತ್ತಿರಲಿಲ್ಲ, ಗಣಿ ಖಾಲಿ ಮಾಡಿಸುತ್ತಿದ್ದ.

ಅಸದ ಬಂದಾಗ ದಾನಮ್ಮ ಮೂಗಿಗೆ ಅರಳೆ ತುರುಕಿಕೊಂಡೇ ಎಲ್ಲ ಹೇಳಿದಳು. ಅವನಿಗೆ ನಗು ಬರಲಿಲ್ಲ.

“ನನ್ನ ಹೆಂಡ್ತಿ ದವಡಿ ಒಡದದ್ದು ಪ್ರೀತಿಲೇ ಅಂತೀರೇನು?”

“ಪ್ರೀತಿ ಅಲ್ಲಪ್ಪ, ಡ್ಯೂಟಿ.”

“ಡ್ಯೂಟಿಲೇ ಒಡದ್ರೂ ಎಲುವು ಎಲುವೇ. ನಾ ಹೇಳಿದ ಮಾತು ಹೇಳಿದ್ದೇ ಮತ್ತ. ಅಕಿ ಮೈಯಾಗ ರಕ್ತ ಬಂದ ದಿನ ಕಟ್ತೀನಿ.”

“ಕಟ್ಟಿದ್ರ ಏನಾಗ್ತದ ತಿಳೀತೇನು? ಬಾರ್ ಅಂದಾಗ ಅವ್ರು ಓಡಂಗಿಲ್ಲ, ಯಾರ್ನೂ ಓಡ್ಸಂಗಿಲ್ಲ. ಮದ್ದಿನ ಬಗಲಾಗ ಕಟ್ಟಿ ಕೂಡ್ಸಿದಂಗ.”

“ಮದ್ದು ಎಲ್ಲದರಿ ಇಲ್ಲಿ? ಮದ್ದು ಇಲ್ಲ ದಾನಮ್ಮ. ಫರ್ಶಿ ಅದ, ಮಂಚ ಅದ, ನಾವು ಅದೀವಿ.”

ಅಂದಿನಿಂದ ಆ ಮನೆಯಲ್ಲಿ ಒಂದು ಅಕ್ಷರಜೋಡಿಗೆ ನಿಷೇಧ ಬಿತ್ತು.

ಹನ್ನೆರಡಕ್ಕೆ ಮುಸರತ “ಗ್ಯಾರಾ ಕೇ ಊಪರ್ ಏಕ್” ಎನ್ನತೊಡಗಿದಳು. ಹನ್ನೊಂದರ ಮೇಲೊಂದು. ದಾನಮ್ಮ ಯಾರನ್ನಾದರೂ ಕರೆಯಬೇಕಾದರೆ “ಅಲ್ಲಿ ಇರಬ್ಯಾಡ, ಇಲ್ಲಿ ಇರು” ಎನ್ನುತ್ತಿದ್ದಳು. ಮಳೆ ಬಂದರೆ ಅದು ಬಾರಿಶ್ ಅಲ್ಲ, ಮೇಲಿನ ನೀರು. ಓಣಿಯಲ್ಲಿ ಹುಡುಗರು ಬಾರೋ ಲೇ ಎಂದು ಕೂಗಿಕೊಂಡರೆ ದಾನಮ್ಮ ಹೊರಗೋಡಿ ಅವರ ಕಿವಿ ಹಿಂಡುತ್ತಿದ್ದಳು. ಸ್ವಲ್ಪ ದಿನಕ್ಕೇ ಆ ಓಣಿಯ ಹುಡುಗರ ಕಿವಿಗಳು ಬೇರೆ ಓಣಿಯವರಿಗಿಂತ ಒಂದು ಗೇಣು ಉದ್ದವಾಗಿ ಶಾಲೆಯಲ್ಲಿ ಎದ್ದು ಕಾಣುತ್ತಿದ್ದವಂತೆ.

ದೊಡ್ಡ ಯುದ್ಧ ನಡೆದದ್ದು ಸಾಬಮ್ಮನ ಜೊತೆ. ಅವಳು ಬುಟ್ಟಿ ಹೊತ್ತು ಬಾರೀಹಣ್ಣು, ಅಂದರೆ ಬೋರೆಹಣ್ಣು, ಮಾರುವವಳು. ಬಾರೀ, ಬಾರೀ ಎಂದು ಓಣಿಯ ಬಾಯಿಗೆ ಬಂದಾಗಲೇ ದಾನಮ್ಮ ಅಡ್ಡ ನಿಂತು ಬಾಯಿ ಮುಚ್ಚಲು ಹೇಳಿದಳು.

“ಯಾಕ ಮುಚ್ಲಿ? ಬಾರೀಹಣ್ಣಿಗಿ ಬಾರೀಹಣ್ಣು ಅನ್ನದೇ ದ್ರಾಕ್ಷಿ ಅನ್ಲೇನು?”

“ದ್ರಾಕ್ಷಿ ಅನ್ನು, ಗೋಡಂಬಿ ಅನ್ನು, ನಿಮ್ಮತ್ತಿ ಹೆಸರು ಅನ್ನು. ಇದನ್ನ ಅನ್ನಬ್ಯಾಡ.”

“ನಮ್ಮತ್ತಿ ಹೆಸರು ಎತ್ತಾಕ ನೀ ಯಾವಾಕಿ?”

ಸಾಬಮ್ಮ ಮುಂದಲೆ ಹಿಡಿದಳು. ದಾನಮ್ಮನ ನೇಮ ರೋಗಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು, ಹಣ್ಣಿನವರಿಗಲ್ಲ. ಇಬ್ಬರೂ ಉರುಳಾಡಿದ ಕಡೆ ಓಣಿಯ ಡಾಂಬರು ಎದ್ದುಬಂತು. ಬುಟ್ಟಿ ಮಗುಚಿ, ಹಣ್ಣಿಗೆ ಹಂದಿಗಳು ಬಂದು, ಹಂದಿಗಳಿಗೆ ನಾಯಿಗಳು ಬಂದವು. ಕೊನೆಗೆ ಸಾಬಮ್ಮ ಬಳೆ ಒಡೆದುಕೊಂಡು, ತುಟಿ ಹರಿದುಕೊಂಡು, ಕಟ್ಟೆಯ ಮೇಲೆ ಕೂತು ದಮ್ಮು ಬಿಡುತ್ತ ವಿಷಯ ಕೇಳಿದಳು. ಕೇಳಿ, ಚೆಲ್ಲಿದ ಹಣ್ಣೊಂದನ್ನು ಹೆಕ್ಕಿ ಸೆರಗಿಗೆ ಒರೆಸಿದಳು.

“ಮೊದಲೇ ಹೇಳಿದ್ರ ಏನಾಗ್ತಿತ್ತು? ನಮ್ಮಪ್ಪನೂ ಖಣ್ಯಾಗೇ ಹೋದ.”

ಮರುದಿನದಿಂದ ಆ ಓಣಿಯಲ್ಲಷ್ಟೇ ಅವಳು “ಹುಳಿ ಹಣ್ಣೂ” ಎಂದು ಕೂಗಿಕೊಂಡು ಹೋದಳು. ಜನ ಹುಣಸೆಹಣ್ಣೆಂದು ಪಾತ್ರೆ ಹಿಡಿದು ಹೊರಗೆ ಬಂದರು.

ಮನೆಯಲ್ಲಿ ಶಾಂತಿ ಬಂತು. ಶಾಂತಿಯೆಂದರೆ ಗೀರು, ತರಚು, ಆಗೊಮ್ಮೆ ಹಾರಿಬರುವ ತಟ್ಟೆ, ಅಷ್ಟೇ. ಮುದುಕ ನೆಲದಲ್ಲಿ ತೆವಳುತ್ತ ಬೆರಳ ಗೆಣ್ಣಿನಿಂದ ಒಂದೊಂದೇ ಫರ್ಶಿಯನ್ನು ತಟ್ಟಿ ಕೇಳುತ್ತಿದ್ದ. ಟೊಳ್ಳು ಸದ್ದು ಬಂದ ಕಲ್ಲಿಗೆ ಉಗುಳಿ ಮುಂದೆ ಹೋಗುತ್ತಿದ್ದ. ಮುಸರತಳ ದವಡೆ ಇಳಿಯಿತು. ಮುದುಕ ಮಗನನ್ನು ಮಾತ್ರ ಗುರುತು ಹಿಡಿಯುತ್ತಿರಲಿಲ್ಲ. ಬೂದಿಬಣ್ಣದ ಆ ಮನುಷ್ಯ ಬಂದಾಗಲೆಲ್ಲ “ಸಾಹುಕಾರ, ಕಲ್ಲು ತಯ್ಯಾರಿಲ್ಲ, ನಾಳಿಗಿ ಗಾಡಿ ಕಳಸ್ರಿ” ಎನ್ನುತ್ತಿದ್ದ. ಅಸದ ತಲೆ ತಗ್ಗಿಸಿ ಸರಪಳಿಯನ್ನು ದಾಟಿ ಒಳಗೆ ಹೋಗುತ್ತಿದ್ದ. ದಾನಮ್ಮ ಅದನ್ನು ತೆಗೆದಿಡು ಎಂದರೆ ತೆಗೆದಿಡುತ್ತಿರಲಿಲ್ಲ.

ಶಾಂತಿ ಕೆಡಿಸಲು ಬಂದವನು ವೈರಿಯಲ್ಲ, ಗೆಳೆಯ. ರಾವೂರಿನ ಅಂಬಾರಾಯ. ಸಿರಾಜುದ್ದೀನ ಮದ್ದು ತುಂಬುವ ಕುಳಿಗಳನ್ನು ಕೊರೆಯುತ್ತಿದ್ದವನು ಇವನೇ. ಹಳೇ ಜೊತೆಗಾರನಿಗೆಂದು ಟವೆಲ್ಲಿನಲ್ಲಿ ಹಸಿ ತೊಗರಿಕಾಯಿ ಕಟ್ಟಿಕೊಂಡು, ಟಂಟಂ ಆಟೋ ಇಳಿದು, ಬಾಗಿಲಲ್ಲಿ ನಿಂತು, ಗಣಿಯಲ್ಲಿ ಇಡೀ ಜೀವಮಾನ ಕರೆದ ಹೆಸರಿನಿಂದಲೇ ಕರೆದ.

“ಏ ಬಾರ್ ಮೇಸ್ತ್ರೀ, ಜೀವಂತ ಅದೀ ಏನು?”

ದಾನಮ್ಮ ಹಿತ್ತಲಲ್ಲಿ ಗಾಯದ ಬಟ್ಟೆ ಒಗೆಯುತ್ತಿದ್ದಳು. ಕೂಗು ಕೇಳಿದ್ದೇ ಒದ್ದೆ ಕೈಯಲ್ಲೇ ಓಡಿದಳು. ಮುದುಕ ಅವಳಿಗಿಂತ ಮುಂದಿದ್ದ. ಊರುಗೋಲನ್ನು ಬೀಸಿ ಎಸೆದಿದ್ದ, ಒಲೆಯ ಮುಂದಿದ್ದ ಮುಸರತ ಓಡಲಿ ಎಂದು. ಅದು ಅವಳ ಭುಜಕ್ಕೆ ಬಡಿಯಿತು. ಮುಗ್ಗರಿಸಿದ ಅವಳ ಹಣೆ ಬಾಗಿಲ ಕಲ್ಲಿಗೆ ಬಡಿದು ತೆರೆದುಕೊಂಡಿತು. ಅಷ್ಟರಲ್ಲಿ ಮುದುಕ ಅಂಬಾರಾಯನ ಪಾದ ಹಿಡಿದು ಕೆಡವಿ, ಕುತ್ತಿಗೆಗೆ ಗುದ್ದುತ್ತ, ಭಾಗಾ ಭಾಗಾ ಎನ್ನುತ್ತಿದ್ದ. ತೊಗರಿಕಾಯಿ ಮನೆ ತುಂಬ ಚೆಲ್ಲಿದವು. ಅಂಬಾರಾಯನೋ, ಹಳೇ ಆಳು, ಮೇಸ್ತ್ರಿಯ ಧ್ವನಿ ಕೇಳಿದ್ದೇ ತಡ ಏನೂ ಕೇಳದೆ ಬೋರಲು ಮಲಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿದ್ದ.

“ಎಷ್ಟು ಕುಳಿ ತುಂಬೀರಿ ಮೇಸ್ತ್ರಿ?” ಎಂದು ನೆಲಕ್ಕೆ ಬಾಯಿಟ್ಟೇ ಕೇಳಿದ.

ಯಾರೋ ಫ್ಯಾಕ್ಟರಿಗೆ ಫೋನ್ ಮಾಡಿದರು. ಅಸದ ಸಿಮೆಂಟಿನ ಮೈಯಲ್ಲೇ ಬಂದ. ಮುಸರತ ಗೋಡೆಗೊರಗಿ ಕೂತಿದ್ದಳು. ಹುಬ್ಬು, ಕೆನ್ನೆ, ಕುಪ್ಪಸದ ಕತ್ತು ಎಲ್ಲ ಕೆಂಪು. ಅಂಬಾರಾಯ ಟವೆಲ್ಲನ್ನು ಅವಳ ಹಣೆಗೆ ಒತ್ತಿ ಹಿಡಿದಿದ್ದ. ದಾನಮ್ಮ ಮುದುಕನನ್ನು ಎತ್ತಿ ಮಂಚದ ಮೇಲೆ ಕೂರಿಸಿದ್ದಳು. ಅವನು ಏನೂ ನಡೆದಿಲ್ಲವೆಂಬಂತೆ ತೊಗರಿಕಾಯಿ ಸುಲಿಯುತ್ತಿದ್ದ.

ಅಸದ ಬಗ್ಗಿ ಸರಪಳಿಯ ತುದಿ ಎತ್ತಿಕೊಂಡ.

“ಕಟ್ಟಂಗಿಲ್ಲ” ಎಂದು ದಾನಮ್ಮ ಅಡ್ಡ ನಿಂತಳು.

“ಆಕಡಿ ಸರೀರಿ.”

“ನಾ ಹೇಳಿದ್ದು ಕೇಳು...”

ಅಸದ ಅವಳ ಎದೆಗೆ ಕೈಯಿಟ್ಟು ನೂಕಿದ. ದಾನಮ್ಮ ನೀರಿನ ಹಂಡೆಯ ಮೇಲೆ ಬಿದ್ದಳು. ಹಂಡೆ ನಜ್ಜಾಯಿತು, ಅವಳ ತುಟಿ ಒಡೆಯಿತು. ಅಸದ ಅಪ್ಪನ ಉಳಿದಿದ್ದ ಕಾಲನ್ನು ಹಿಡಿದು ಸರಪಳಿ ಸುತ್ತತೊಡಗಿದ. ಮುದುಕ ಮೊದಲು ಆಶ್ಚರ್ಯದಿಂದ ನೋಡಿದ. ಆಮೇಲೆ ಹಣೆಯಿಂದ ಮಗನ ಮೂಗಿಗೆ ಗುದ್ದಿದ. ಮಗ ಅಪ್ಪನ ಕೆನ್ನೆಗೆ ಹೊಡೆದ. ತೆರೆದ ಅಂಗೈಯ ಪೆಟ್ಟು. ಮನೆಯಲ್ಲಿ ಎಲ್ಲರಿಗೂ ಕೇಳಿಸಿತು, ಮುದುಕನಿಗೂ.

ದಾನಮ್ಮ ಎದ್ದಳು. ಅವಳು ಕೊಟ್ಟ ಆ ಒಂದು ಏಟಿನ ಸದ್ದಿಗೆ ಯಾರ್ಡಿನಲ್ಲಿ ಗಾರ್ಡು ಹಸಿರು ಬಾವುಟ ಕೆಳಗಿಳಿಸಿದ ಎನ್ನುತ್ತಾರೆ. ಅಸದ ಮಂಚದ ಪಕ್ಕಕ್ಕೆ ಕುಸಿದ. ಅವನು ಉಸಿರು ತೆಗೆದುಕೊಳ್ಳುವುದರೊಳಗೆ ದಾನಮ್ಮ ಅವನ ತೋಳಿನ ಮೇಲೆ ಕೂತಿದ್ದಳು, ದಾನಮ್ಮ ಕೂತ ಮೇಲೆ ಆ ತೋಳು ಅಸದನದಲ್ಲ. ಸರಪಳಿಯ ತುದಿಯನ್ನು ಅವನ ಮಣಿಕಟ್ಟಿಗೆ ಸುತ್ತಿ, ಬಾಯಿ ತೆರೆದಿದ್ದ ಬೀಗವನ್ನು ಒತ್ತಿದಳು.

“ಏನ್ ಮಾಡಾಕತ್ತೀರಿ? ತಗೀರಿ. ದಾನಮ್ಮ, ತಗೀರಿ ಇದು.”

“ಮದ್ದು ಎಲ್ಲದ ಅಂತ ಕೇಳಿದ್ದಿ. ಈಗ ನೋಡು.”

ಅವಳು ಬಾಗಿಲ ಕಡೆಗೆ ಸರಿದಳು. ತಾನೇ ಮನೆಯಿಂದ, ಓಣಿಯಿಂದ, ಹಣ್ಣಿನ ಬುಟ್ಟಿಯಿಂದ ಓಡಿಸಿದ್ದ ಮಾತನ್ನು ಎದೆ ತುಂಬ ಎಳೆದುಕೊಂಡು ಕೂಗಿದಳು.

“ಬಾರ್! ಬಾರ್!”

ಅಂಬಾರಾಯ ಮುಸರತಳನ್ನು ತಬ್ಬಿಕೊಂಡೇ ನೆಲಕ್ಕೆ ಬಿದ್ದ. ಮುದುಕ ಮಂಚದಿಂದ ಹಾರಿದ. ಬಾಗಿಲ ಕಡೆಗೆ ತೆವಳಿದವನು, ಹಿಂದೆ ಯಾರೋ ಉಳಿದಂತೆ ಕಂಡು ತಿರುಗಿದ. ಮಂಚದ ಬಳಿ ಬೂದಿಬಣ್ಣದ ಮನುಷ್ಯನೊಬ್ಬ ಏಳದೆ ಕೂತಿದ್ದ.

“ಭಾಗಾ ರೇ!”

“ಅಬ್ಬಾ, ಬೀಗ...”

ಮುದುಕ ತಿರುಗಿ ತೆವಳಿಕೊಂಡು ಬಂದ. ಮಗನ ಕಪಾಳಕ್ಕೆ ಒಂದು, ಪಕ್ಕೆಗೆ ಒಂದು, ಎದ್ದು ಓಡಲೆಂದು. ಆಗ ಸರಪಳಿ ಕಣ್ಣಿಗೆ ಬಿತ್ತು. ಹಿಡಿದು ಎಳೆದ. ಮಂಚ ಫರ್ಶಿಯ ಮೇಲೆ ಕಿರ್ರೆಂದು ಸರಿಯಿತು, ಬಿಡಲಿಲ್ಲ. ಬೀಗಕ್ಕೆ ಮುಷ್ಟಿಯಿಂದ ಗುದ್ದಿದ, ಗೆಣ್ಣುಗಳ ಚರ್ಮ ಹರಿಯಿತು. ಮತ್ತೆ ಗುದ್ದಿದ. ಕೊಂಡಿಯನ್ನು ಬಾಯಿಗಿಟ್ಟು ಕಚ್ಚಿದ, ಹಲ್ಲು ಮುರಿದ ಸದ್ದು ಬಂತು. ಕತ್ತರಿಸಿದ ಕಾಲಿನ ಬಟ್ಟೆ ಬಿಚ್ಚಿ ನೆಲದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದಿತ್ತು.

“ಯಾಂವ ಬದ್ಮಾಷ ಕಟ್ಟ್ಯಾನ ಈ ಪೋರನ್ನ?” ಎಂದು ಮುದುಕ ಅರಚಿದ. “ಯಾರ ಮಗಾ ಇಂವ? ಇಂವಗ ಅಪ್ಪ ಅವ್ವ ಇಲ್ಲೇನು? ಬಾರ್ ಹಚ್ಚೀನಿ ನಾನು. ಹಚ್ಚಿಬಿಟ್ಟೀನಿ.”

ಬಿಡಿಸಲಾಗದೆಂದು ತಿಳಿದಾಗ ಓಡಿಹೋಗಲಿಲ್ಲ. ಮಗನನ್ನು ಅಡ್ಡ ಕೆಡವಿ, ಅವನ ಮೇಲೆ ಬೋರಲು ಬಿದ್ದು, ರಕ್ತದ ಎರಡೂ ಕೈಗಳಿಂದ ಅವನ ತಲೆಯನ್ನು ಮುಚ್ಚಿಕೊಂಡ. ಮಂಚದ ಮೇಲಿದ್ದ ಗಾದಿಯನ್ನೂ ಎಳೆದು ಹೊದೆದ. ಆಮೇಲೆ ಗಾದಿಯ ಕೆಳಗಿನಿಂದ ಪಿಸುಮಾತು ಬಂತು.

“ಹೆದರಬ್ಯಾಡಪ್ಪ. ಕಲ್ಲು ಬಂದ್ರ ನನ್ನ ಬೆನ್ನಿಗಿ ಬೀಳ್ತದ. ಉಸುರು ಹಿಡಿ.”

ಅಸದ ಉಸಿರು ಹಿಡಿದು ಕೆನ್ನೆಯನ್ನು ಫರ್ಶಿಗೆ ಒತ್ತಿದ.

ಎಲ್ಲರೂ ಕಾದರು. ಯಾರ್ಡಿನಲ್ಲಿ ಆ ಹೊತ್ತಿಗೆ ಒಂದು ಡಬ್ಬಿಯೂ ಅಲುಗಲಿಲ್ಲ. ಒಲೆಯ ಮೇಲೆ ಅನ್ನ ಸೀದು ವಾಸನೆ ಎದ್ದಿತು. ದಾನಮ್ಮನ ಕೈಯಲ್ಲಿ ಬೀಗದ ಕೀಲಿ ಇರಲಿಲ್ಲ, ಅದು ಅಸದನ ಕಿಸೆಯಲ್ಲಿ, ಅಸದ ಅಪ್ಪನ ಕೆಳಗೆ. ಅವಳು ಮುಸರತಳ ಹಣೆಗೆ ಹೊಲಿಗೆ ಬೇಕೋ ಎಂದು ಬೆರಳಿನಿಂದ ಅಗಲಿಸಿ ನೋಡಿದಳು. ಬೇಕಿತ್ತು.

“ಹಾರ್ಲಿಲ್ಲ” ಎಂದು ಅಂಬಾರಾಯ ನೆಲದಿಂದಲೇ ಗುಸುಗುಸು ಹೇಳಿದ. “ಕೂತ ಬಾರ್ ಅದು. ಬತ್ತಿ ಒಳಗ ನಿಂತಿರ್ತದ, ಯಾವಾಗ ಹಾರ್ತದ ಗೊತ್ತಿಲ್ಲ. ಮೇಸ್ತ್ರಿ ಅನ್ನೂತನಕ ಯಾರೂ ಏಳಂಗಿಲ್ಲ.”

“ಎಷ್ಟೊತ್ತು?” ಎಂದಳು ದಾನಮ್ಮ.

“ರಾವೂರದಾಗ ಒಮ್ಮಿ ಸಂಜೀತನಕ ಮಲಗಿದ್ವಿ. ಅವತ್ತು ಜಲ್ದಿ ಎದ್ದಾಂವಂದು ಬರೇ ತಲಿ ಮ್ಯಾಲಿನ ಪಟಗಾ ಸಿಕ್ತು.”

ಮುಸರತ ಟವೆಲ್ಲನ್ನು ಹಣೆಗೆ ಒತ್ತಿಕೊಂಡು ಗೋಡೆ ಹಿಡಿದು ಎದ್ದಳು. ಗಾದಿಯ ಗುಡ್ಡದ ಹತ್ತಿರ ಹೋಗಿ ಬಗ್ಗಿ ಗಂಡನ ಕಾಲಿನ ಕಡೆಗೆ ಹೇಳಿದಳು, “ಏಳಬ್ಯಾಡ್ರಿ ನೀವು. ನಾನು ದಾನಮ್ಮನ ಕೂಡ ದವಾಖಾನಿಗಿ ಹೋಗಿ ಹಣಿ ಹೊಲಿಸ್ಕೊಂಡು ಬರ್ತೀನಿ.”

ಗಾದಿ ಅಲುಗಿತು. ಅಸದ ತಲೆಯೆತ್ತಲು ನೋಡಿದ್ದ. ಧಪ್ ಎಂದು ಒಂದು ಗುದ್ದು ಕೇಳಿಸಿತು.

“ಕೂತ ಬಾರ್ ಅಂದ್ರ ತಿಳಿಯಂಗಿಲ್ಲೇನು ನಿನಗ?”

“ತಿಳೀತರಿ ಮೇಸ್ತ್ರಿ” ಎಂದು ಕೆಳಗಿನಿಂದ ಅಸದನ ಧ್ವನಿ ಬಂತು. ಅವನು ಕೆನ್ನೆಯನ್ನು ಮತ್ತೆ ಫರ್ಶಿಗೆ ಇಟ್ಟ.